ಊಟಕ್ಕೆ ಮುಂಚಿನ ಬುದ್ಧಿವಂತ

ಪಕ್ಕದ ಮನೆಯ ಬ್ಯಾಂಕಿನವರು ಚಪ್ಪಲಿ ಬಿಟ್ಟು ಒಳಗೆ ಬರಲಿ ಎಂಬ ಒಂದೇ ಆಸೆಯಿಂದ ಶೇಷ ಮೇಷ್ಟ್ರು ಆ ಬೆಳಿಗ್ಗೆ ಒಂದು ಸುಳ್ಳು ಹೇಳಿದರು.

ಮೇಷ್ಟ್ರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾಗಾಕಾರ ಹೇಳಿಕೊಡುವಾಗ "ಶೇಷ ಎಷ್ಟು? ಶೇಷ ಎಷ್ಟು?" ಎಂದು ಮೇಜು ಕುಟ್ಟುತ್ತಿದ್ದರೆಂದು ಹುಡುಗರು ಇಟ್ಟ ಹೆಸರು ನಿವೃತ್ತಿಯಾದ ಮೇಲೂ ಉಳಿದಿತ್ತು. ಹುಡುಗರು ಮಾತ್ರ ಉಳಿದಿರಲಿಲ್ಲ. ಅಷ್ಟು ಜನರಿಗೆ ಲೆಕ್ಕ ಕಲಿಸಿದ್ದರೂ ಒಬ್ಬನೂ ಈ ಕಡೆ ತಲೆ ಹಾಕುತ್ತಿರಲಿಲ್ಲ. ಹೆಂಡತಿ ಹೋದ ಮೇಲೆ ಮಹಡಿಯ ಎರಡು ಕೋಣೆಗಳಲ್ಲಿ ಅವರೊಬ್ಬರೇ. ಕರೆಂಟಿನ ಮೀಟರ್ ನೋಡುವವನು ತಿಂಗಳಿಗೊಮ್ಮೆ ಮೇಲೆ ಬರುತ್ತಿದ್ದ. ಅವನನ್ನೂ ಒಂದು ಸಲ ಕೂರಿಸಿಕೊಂಡು ಸರಾಸರಿ ತೆಗೆಯುವುದು ಹೇಗೆಂದು ಪಾಠ ಮಾಡಿದರು. ಅಂದಿನಿಂದ ಅವನು ಕೆಳಗೇ ನಿಂತು ಅಂದಾಜಿನಲ್ಲಿ ಬಿಲ್ಲು ಬರೆದು ಓಡಿಬಿಡುತ್ತಿದ್ದ.

ಇನ್ನುಳಿದದ್ದು ಟವಲಿನ ಉಪಾಯ. ಒಗೆದ ಟವಲಿಗೆ ಮೇಷ್ಟ್ರು ಬೇಕೆಂದೇ ಕ್ಲಿಪ್ಪು ಹಾಕುತ್ತಿರಲಿಲ್ಲ. ಗಾಳಿ ಬೀಸಿದರೆ ಅದು ಪಕ್ಕದ ಬಾಲ್ಕನಿಗೆ ಹಾರಿ ಬೀಳುತ್ತಿತ್ತು. ಕೊಡುವುದಕ್ಕಾದರೂ ಒಬ್ಬರು ಬರಬೇಕಲ್ಲ!

"ಮೇಷ್ಟ್ರೇ, ನಿಮ್ಮ ಟವಲು ಮತ್ತೆ ನಮ್ಮಲ್ಲಿಗೆ ಬಂದಿತ್ತು," ಎಂದು ಬ್ಯಾಂಕಿನವರು ಹೊಸಿಲಾಚೆ ನಿಂತೇ ಕೈ ಚಾಚಿದರು. ಇನ್ನೊಂದು ಕೈಯಲ್ಲಿ ಫೋನಿತ್ತು. "ಇದನ್ನ ನೋಡಿದ್ರಾ? ಹೊರದೇಶದ ಯಾವುದೋ ಸಂಸ್ಥೆಯವರು ಲೀಡರುಗಳ ಐಕ್ಯೂ ಅಳೆದಿದಾರಂತೆ. ನಮ್ಮ ಮಂತ್ರಿಗಳೇ ಎಲ್ಲರಿಗಿಂತ ಕೆಳಗೆ. ಎಂಬತ್ತೊಂದು! ಹೊಟ್ಟೆಕಿಚ್ಚಿನವರ ಕೆಲಸ ಇದು. ಸರಿ, ಬರ್ಲಾ?"

ಬರ್ಲಾ ಎಂಬ ಮಾತೆಂದರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಬ್ಯಾಂಕಿನವರು ಆಗಲೇ ಅರ್ಧ ತಿರುಗಿದ್ದರು.

"ಎಂಬತ್ತೊಂದಾ? ಛೆ ಛೆ! ಅವನು ನನ್ನ ಶಿಷ್ಯ ಅಲ್ವೇನ್ರೀ!"

ಚಪ್ಪಲಿ ಕಳಚಿತು. ಬ್ಯಾಂಕಿನವರು ಒಳಗೆ ಬಂದು ಕೂತರು.

ಹಾಗೆ ನೋಡಿದರೆ ಅದು ಬುಡವೇ ಇಲ್ಲದ ಸುಳ್ಳೂ ಅಲ್ಲ. ಈ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಶಾಲೆಯಲ್ಲೇ ಓದಿದವನು ನಾನು ಎಂದು ಮಂತ್ರಿಗಳು ಪ್ರತಿ ಭಾಷಣದಲ್ಲೂ ಎದೆ ತಟ್ಟಿಕೊಳ್ಳುತ್ತಿದ್ದರು. ಆ ಶಾಲೆಯಲ್ಲಿ ಗಣಿತಕ್ಕೆ ಇದ್ದವರು ಮೇಷ್ಟ್ರೊಬ್ಬರೇ. ಆದರೆ ಎಷ್ಟು ತಲೆ ಕೆರೆದುಕೊಂಡರೂ ಆ ಮುಖ ಅವರ ನೆನಪಿಗೆ ಬಂದಿರಲಿಲ್ಲ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡು ಸುಮ್ಮನಾಗಿದ್ದರು.

"ಚಿಕ್ಕಂದಿನಲ್ಲಿ ಹೇಗಿದ್ರು ಸಾರ್?"

"ಚುರುಕು ಅಂದ್ರೆ ಚುರುಕು! ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಈ ಕಡೆ ತಿರುಗೋದ್ರೊಳಗೆ ಉತ್ತರ ಹೇಳಿಬಿಡೋನು."

ಬ್ಯಾಂಕಿನವರು ಎರಡು ಲೋಟ ಟೀ ಕುಡಿದು, ಬ್ಯಾಂಕಿಗೆ ತಡಮಾಡಿಕೊಂಡು, ಖುಷಿಯಾಗಿ ಎದ್ದು ಹೋದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ಗಂಟೆಯ ಹೊತ್ತಿಗೆ ಕೆಳಗಿನ ಅಂಗಡಿಯ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಮೆಟ್ಟಿಲೇರಿ ಬಂದಳು. ಮಂತ್ರಿಗಳ ಹೆಸರೆತ್ತಿದರೆ ಅವಳಿಗೆ ಮೈಯೆಲ್ಲ ಉರಿ.

"ಏನ್ ಮೇಷ್ಟ್ರೇ, ಆ ಮನುಷ್ಯ ಜಾಣ ಅಂದ್ರಂತೆ? ಬೀದಿಗೆ ನೀರು ತರ್ತೀನಿ ಅಂತ ಪೈಪು ಹಾಕಿಸಿ, ಪೈಪಿಗೆ ನೀರು ಬಿಡಿಸೋದನ್ನೇ ಮರೆತ ಮಹಾನುಭಾವ! ನಿಮ್ಮ ಬಾಯಲ್ಲಿ ಇಂಥ ಮಾತು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಇನ್ಮೇಲೆ ಈ ಮೆಟ್ಟಿಲು ಹತ್ತಲ್ಲ."

ಆ ಬೆಳಿಗ್ಗೆಯವರೆಗೂ ಅವಳು ಆ ಮೆಟ್ಟಿಲು ಹತ್ತಿದ್ದೇ ಇಲ್ಲ. ಆದರೂ ಹತ್ತುವುದಿಲ್ಲ ಎಂದಾಗ ಮೇಷ್ಟ್ರಿಗೆ ದಿಗಿಲಾಯಿತು.

"ಅಯ್ಯೋ, ಕೂತ್ಕೊಳ್ಳಮ್ಮ. ಅವರು ಅರ್ಧ ಕೇಳಿ ಎದ್ದು ಹೋದ್ರು. ಗುಣಾಕಾರದಲ್ಲಿ ಹುಡುಗ ಸ್ವಲ್ಪ ಮಂದ."

"ಸ್ವಲ್ಪಾನಾ?" ಟೈಲರಮ್ಮ ಕುರ್ಚಿಯಿಂದ ಅರ್ಧ ಎದ್ದಳು.

"ಪೂರ್ತಿ ಮಂದ," ಎಂದರು ಮೇಷ್ಟ್ರು. ಟೈಲರಮ್ಮ ಮತ್ತೆ ಕೂತಳು.

ಅವಳು ಮನಸಾರೆ ನಕ್ಕಳು, ಮಂತ್ರಿಯನ್ನು ಮನಸಾರೆ ಬೈದಳು. ಆಮೇಲೆ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಗಿಗೆ ಎರಡು ಗುಂಡಿ ಇಲ್ವಲ್ಲ. ಬಿಚ್ಚಿ ಕೊಡಿ, ಹಾಕ್ಕೊಡ್ತೀನಿ," ಎಂದಳು. ಗುಂಡಿ ಬಿದ್ದು ವರ್ಷವೇ ಆಗಿತ್ತು. ತನ್ನ ಅಂಗಿಯನ್ನು ಒಬ್ಬರು ಗಮನಿಸಿದರಲ್ಲ ಎಂದು ಮೇಷ್ಟ್ರ ಕಣ್ಣು ತುಂಬಿ ಬಂತು. ಮಂತ್ರಿ ಇನ್ನೂ ದಡ್ಡನಾಗಿದ್ದ ಎರಡು ಪ್ರಸಂಗಗಳನ್ನು ಆ ಋಣಕ್ಕೆ ಸೇರಿಸಿ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಬೀದಿ ಮೇಷ್ಟ್ರ ಮನೆಯಲ್ಲಿತ್ತು. ಕುರ್ಚಿ ಸಾಲದೆ ಟೈಲರ್ ಅಂಗಡಿಯಿಂದ ಸ್ಟೂಲು ತಂದರು. ಹಾಲು ತೀರಿತೆಂದು ಮೇಷ್ಟ್ರು ಇನ್ನೊಂದು ಪ್ಯಾಕೆಟ್ಟಿಗೆ ಹೇಳಿಕಳಿಸಿ, ಗಡಿಬಿಡಿಯಲ್ಲಿ ಟೀಗೆ ಸಕ್ಕರೆಯನ್ನೇ ಮರೆತರು. ಯಾರೂ ಬೈಯಲಿಲ್ಲ. ಅಷ್ಟರಲ್ಲಿ ಊಟಕ್ಕೆಂದು ಮನೆಗೆ ಬಂದ ಬ್ಯಾಂಕಿನವರು ಗದ್ದಲ ಕೇಳಿ ಒಳಗೆ ನುಗ್ಗಿದರು.

"ಏನ್ರೀ ಇದು? ನನ್ನ ಹತ್ರ ಚುರುಕು ಅಂದ್ರಿ!"

"ನನ್ನ ಹತ್ರ ಮಂದ ಅಂದ್ರಲ್ಲ!" ಟೈಲರಮ್ಮ ಸೊಂಟಕ್ಕೆ ಕೈಯಿಟ್ಟಳು.

ಕೋಣೆಯೆಲ್ಲ ಒಂದೇ ಸಲ ಮೇಷ್ಟ್ರ ಕಡೆ ತಿರುಗಿತು. ಯಾರ ಪರ ಹೇಳಿದರೂ ಅರ್ಧ ಮನೆ ಖಾಲಿಯಾಗುತ್ತದೆ. ಮೇಷ್ಟ್ರು ಎರಡೂ ಕಡೆಯ ತಲೆಗಳನ್ನು ಎಣಿಸಿ ನೋಡಿದರು.

"ಎರಡೂ ನಿಜ," ಎಂದರು ಕೊನೆಗೆ. "ಊಟಕ್ಕೆ ಮುಂಚೆ ಬುದ್ಧಿವಂತ. ಊಟ ಆದ್ಮೇಲೆ ದಡ್ಡ."

ಬ್ಯಾಂಕಿನವರು ತೊಡೆ ತಟ್ಟಿದರು. "ಅದಕ್ಕೇ ನೋಡಿ! ಹೊಸ ಸೇತುವೆಗೆ ಸಹಿ ಹಾಕಿದ್ದು ಬೆಳಿಗ್ಗೆ!"

"ಪೈಪಿಗೆ ಹಾಕಿದ್ದು ಮಧ್ಯಾಹ್ನವೇ ಇರಬೇಕು," ಎಂದಳು ಟೈಲರಮ್ಮ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎರಡು ಪಕ್ಷದವರೂ ಒಂದೇ ತಟ್ಟೆಗೆ ಕೈ ಹಾಕಿ ಬಿಸ್ಕತ್ತು ತಿಂದರು.

ಸುದ್ದಿ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೂರು ಗಂಟೆಗೆ ಒಬ್ಬ ವರದಿಗಾರ್ತಿ ಬಂದು ಫೋನನ್ನು ಮೇಷ್ಟ್ರ ಮೂಗಿನ ಹತ್ತಿರ ಹಿಡಿದಳು.

"ಸಾರ್, ಕತೆ ಎಲ್ಲ ಚೆನ್ನಾಗಿದೆ. ನಂಗೊಂದು ನಂಬರ್ ಬೇಕು. ಅವರು ಎಂಬತ್ತೊಂದು ಅಂದಿದಾರೆ. ಗುರುಗಳಾಗಿ ನೀವೆಷ್ಟು ಅಂತೀರಿ?"

ಜೀವಮಾನದಲ್ಲಿ ತಾಳೆ ನೋಡದೆ ಅರ್ಧ ಅಂಕವನ್ನೂ ಕೊಟ್ಟವರಲ್ಲ ಮೇಷ್ಟ್ರು. ಆದರೆ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ಅವರ ಬಾಯನ್ನೇ ನೋಡುತ್ತಿತ್ತು. ತರಗತಿಯಲ್ಲೂ ಅವರನ್ನು ಹಾಗೆ ಯಾರೂ ನೋಡಿರಲಿಲ್ಲ.

"ನೂರ ಮೂವತ್ತೇಳು. ಊಟಕ್ಕೆ ಮುಂಚೆ."

"ಅದೇ ಯಾಕೆ ಸಾರ್?"

"ಅವಿಭಾಜ್ಯ ಸಂಖ್ಯೆ. ಯಾವುದರಿಂದಲೂ ಭಾಗ ಆಗಲ್ಲ."

ವರದಿಗಾರ್ತಿ ಮೆಟ್ಟಿಲಿಳಿಯುವ ಮೊದಲೇ 'ಅವಿಭಾಜ್ಯ ನಾಯಕ' ಎಂಬ ತಲೆಬರಹದಲ್ಲಿ ಮೇಷ್ಟ್ರು ಎಲ್ಲರ ಫೋನಿನಲ್ಲೂ ಮಾತಾಡುತ್ತಿದ್ದರು. ಅರ್ಧ ದಿನ ರಜೆ ಹಾಕಿ ಉಳಿದಿದ್ದ ಬ್ಯಾಂಕಿನವರು ಅವರ ಹೆಗಲ ಮೇಲೆ ಕೈ ಹಾಕಿ, "ಇನ್ಮೇಲೆ ದಿನಾ ಸಂಜೆ ಇಲ್ಲೇ ಸೇರೋಣ ಮೇಷ್ಟ್ರೇ," ಎಂದರು. "ಸ್ಟೂಲು ಇಲ್ಲೇ ಇರ್ಲಿ, ನಾಳೆ ಬೇಕಾಗುತ್ತೆ," ಎಂದಳು ಟೈಲರಮ್ಮ. ಮೇಷ್ಟ್ರಿಗೆ ಬೇಕಾಗಿದ್ದುದು ಇಷ್ಟೇ. ನಾಳೆ ಎಂಬುದನ್ನು ಕಾಯಬೇಕು ಅನ್ನಿಸಿ ಎಷ್ಟು ಕಾಲವಾಗಿತ್ತೋ!

ನಾಳೆಗಿಂತ ಮೊದಲು ಸಂಜೆ ಬಂತು. ಸಂಜೆಯ ಜೊತೆಗೆ ಕಪ್ಪು ಕಾರುಗಳು ಬಂದವು. ಮಂತ್ರಿಗಳ ಆಪ್ತ ಕಾರ್ಯದರ್ಶಿ ಮೇಲೆ ಬಂದು, "ಎಲ್ಲರೂ ಕೆಳಗಿಳೀರಿ," ಎಂದ. ಅವನ ಹಿಂದೆ, ಮೆಟ್ಟಿಲಿಗೆ ಏದುಸಿರು ಬಿಡುತ್ತ, ಸ್ವತಃ ಮಂತ್ರಿಗಳು. ಮನೆ ಕ್ಷಣದಲ್ಲಿ ಖಾಲಿಯಾಯಿತು. ಬಾಗಿಲು ಮುಚ್ಚಿತು.

ಕಳ್ಳತನ ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವುದೇ ಮೇಲು ಎಂದು ಮೇಷ್ಟ್ರು ಕೈ ಮುಗಿದರು.

"ತಪ್ಪಾಯ್ತು ಸ್ವಾಮಿ. ನಿಮಗೆ ಪಾಠ ಹೇಳಿದ ನೆನಪೇ ಇಲ್ಲ ನಂಗೆ. ಯಾರಾದ್ರೂ ಬಂದು ಒಂದು ಗಳಿಗೆ ಕೂತ್ಕೊಳ್ಳಲಿ ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ."

ಮಂತ್ರಿಗಳು ಸ್ಟೂಲಿನ ಮೇಲೆ ಕೂತು ನಕ್ಕರು. "ನೆನಪು ಎಲ್ಲಿಂದ ಬರ್ಬೇಕು ಮೇಷ್ಟ್ರೇ? ನಾನು ಯಾವ ಶಾಲೆ ಮೆಟ್ಟಿಲೂ ಹತ್ತಿದವನಲ್ಲ. ಅಪ್ಪನ ಲಾರಿಯಲ್ಲಿ ಊರೂರು ಸುತ್ತಿ ಬೆಳೆದವನು. ಸಹಿ ಹಾಕೋದು ಕಲಿಸಿದ್ದೂ ಹೆಂಡತಿ, ಮದುವೆ ಆದ್ಮೇಲೆ."

"ಮತ್ತೆ ಆ ಎಂಬತ್ತೊಂದು?"

ಕಾರ್ಯದರ್ಶಿ ಕೆಮ್ಮಿದ. "ಅದು ನಮ್ಮ ಆಫೀಸಲ್ಲೇ ಬರೆದದ್ದು. ಆ ಸಂಸ್ಥೆನೂ ಇಲ್ಲ, ಏನೂ ಇಲ್ಲ. ಹೊರಗಿನವರು ಬೈದ್ರೆ ಒಳಗಿನವರಿಗೆ ಕನಿಕರ ಹುಟ್ಟುತ್ತೆ. ತೊಂಬತ್ತೈದು ಅಂತ ಹಾಕೋಣ ಅಂದ್ವಿ. ಸಾಹೇಬ್ರೇ ಬೇಡ, ಜನ ನಂಬೋ ಹಾಗಿರ್ಲಿ ಅಂದ್ರು."

"ನೀನು ಸ್ವಲ್ಪ ಆಚೆ ಇರು," ಎಂದರು ಮಂತ್ರಿಗಳು. ಅವನು ಹೋದ ಮೇಲೆ ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡರು. ದನಿ ತಗ್ಗಿತು. "ಮೇಷ್ಟ್ರೇ, ನಾನು ಎಲ್ಲಿ ಕೂರ್ತಿದ್ದೆ?"

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಕಿಟಕಿ ಪಕ್ಕ," ಎಂದರು ನಿಧಾನವಾಗಿ. "ಬಿಸಿಲು ಬಂದ್ರೆ ಕಂಪಾಸ್ ಪೆಟ್ಟಿಗೆಯ ಮುಚ್ಚಳ ವಾಲಿಸಿ, ಆ ಬೆಳಕನ್ನ ನನ್ನ ಬೋಳು ತಲೆ ಮೇಲೆ ಆಡಿಸ್ತಿದ್ರಿ."

"ಹೊಡೆದ್ರಾ?"

"ಒಂದೇ ಏಟು."

"ಜೋರಾಗಾ?"

"ಇಲ್ಲಪ್ಪ. ಇನ್ನೊಂದು ಸಲ ಮಾಡ್ಲಿ ಅನ್ನೋ ಹಾಗೆ."

ಮಂತ್ರಿಗಳು ಮಗುವಿನಂತೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಯಾರು ಕೂರುತ್ತಿದ್ದರು, ಮಳೆ ಬಂದರೆ ರಜೆ ಕೊಡುತ್ತಿದ್ದರಾ, ಲೆಕ್ಕ ತಪ್ಪಿದರೆ ಏನನ್ನುತ್ತಿದ್ದರು ಎಂದು ಒಂದೊಂದಾಗಿ ಕೇಳಿದರು. ಮೇಷ್ಟ್ರು ಒಂದೊಂದಾಗಿ ಕಟ್ಟಿ ಹೇಳಿದರು. ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು. ಆದರೂ ಇಡೀ ದಿನದಲ್ಲಿ ಮೇಷ್ಟ್ರ ಮಾತನ್ನು ಪೂರ್ತಿ ಕೇಳಿದವರು ಈ ಒಬ್ಬರೇ. ಉಳಿದವರೆಲ್ಲ ತಮಗೆ ಬೇಕಾದದ್ದನ್ನು ಕೇಳಿಸಿಕೊಂಡು ಎದ್ದಿದ್ದರು.

"ನಾಳೆನೂ ಬಾರಪ್ಪ," ಎಂದು ಮೇಷ್ಟ್ರ ಬಾಯಿಂದ ತಾನಾಗಿ ಬಂತು.

ಮಂತ್ರಿಗಳು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ಆಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲು ತೆರೆದು ಕಾರ್ಯದರ್ಶಿಗೆ ಹೇಳಿದರು: "ಈ ಮನುಷ್ಯ ಹೆದರಿದ್ರೆ ನಿಜ ಹೇಳಿಬಿಡ್ತಾರೆ. ಇವತ್ತು ನನ್ನ ಮುಂದೆ ಹೇಳಿದ್ರು, ನಾಳೆ ಬೀದಿ ಮುಂದೆ ಹೇಳ್ತಾರೆ. ಇವರ ಹತ್ರ ಯಾರೂ ಸುಳೀಬಾರದು."

ಊಟವಾಗಿ ಅಷ್ಟು ಹೊತ್ತಾದ ಮೇಲೂ ಇಷ್ಟು ಬುದ್ಧಿಯೇ! ನೂರ ಮೂವತ್ತೇಳು ಕಡಿಮೆಯೇ ಆಯಿತು ಎಂದುಕೊಂಡರು ಮೇಷ್ಟ್ರು.

"ನಿಮ್ಮಂಥ ದೊಡ್ಡ ಗುರುಗಳಿಗೆ ಅಪಾಯ ಜಾಸ್ತಿ," ಎಂದು ಕಾರ್ಯದರ್ಶಿ ವಿನಯದಿಂದ ವಿವರಿಸಿದ. "ಬಾಗಿಲಿಗೆ ಕಾವಲು ಹಾಕಿದೀವಿ. ಹಾಲು, ದಿನಸಿ ನಾವೇ ತಂದುಕೊಡ್ತೀವಿ. ನೀವು ಯಾರ ಜೊತೆಗೂ ಮಾತಾಡೋ ತೊಂದರೆನೇ ಇಲ್ಲ."

"ಅವರು ಮತ್ತೆ ಬರ್ತಾರಾ?"

"ಸಾಹೇಬ್ರಾ? ಬಂದ್ರೆ ಜನ ಯಾಕೆ ಅಂತ ಕೇಳ್ತಾರಲ್ಲ ಸಾರ್."

ಕಾರುಗಳು ಹೋದವು. ಟೈಲರ್ ಅಂಗಡಿಯ ಸ್ಟೂಲುಗಳನ್ನು ಕಾವಲಿನವನೇ ಕೆಳಗೆ ಇಳಿಸಿ ಬಂದ. ಬೀದಿಯಲ್ಲಿ ನಿಂತಿದ್ದ ಬ್ಯಾಂಕಿನವರು ಮೇಲೆ ನೋಡಿ ಕೈ ಬೀಸಿ, ಮನೆಯೊಳಗೆ ಹೋದರು. ಮೇಷ್ಟ್ರು ತೊಳೆಯಬೇಕಾದ ಲೋಟಗಳ ನಡುವೆ ಸ್ವಲ್ಪ ಹೊತ್ತು ಕೂತರು. ಬೆಳಿಗ್ಗೆಯವರೆಗೆ ಟವಲು ಕೊಡುವುದಕ್ಕಾದರೂ ಒಬ್ಬರು ಬರುತ್ತಿದ್ದರು. ಇನ್ನು ಅದೂ ಇಲ್ಲ.

ಕೊನೆಗೆ ತಡೆಯಲಾರದೆ ಬಾಗಿಲು ತೆರೆದರು. ನಡುವಯಸ್ಸಿನ ಕಾವಲಿನವನು ಗೋಡೆಗೆ ಬೆನ್ನು ಕೊಟ್ಟು ಕಂಬದಂತೆ ನಿಂತಿದ್ದ.

"ಒಳಗೆ ಬಂದು ಕೂತ್ಕೊಳ್ಳಿ."

ಅವನು ಎದುರಿನ ಗೋಡೆಯನ್ನೇ ನೋಡುತ್ತಿದ್ದ.

"ಒಂದು ಲೋಟ ಟೀ?"

ಅವನು ತಲೆ ಅಡ್ಡಡ್ಡ ಆಡಿಸಿದ.

"ಹೋಗ್ಲಿ, ಎಲ್ಲಿ ಓದಿದ್ದು ನೀವು?" ಎಂದರು ಮೇಷ್ಟ್ರು, ಕೇಳುವುದಕ್ಕೆ ಬೇರೇನೂ ತೋಚದೆ.

ಕಾವಲಿನವನು ಮೆಟ್ಟಿಲ ಕಡೆ ಬಗ್ಗಿ ನೋಡಿದ. ಯಾರೂ ಇರಲಿಲ್ಲ. ತುಟಿ ಅಲುಗಿದ್ದು ಕಾಣದ ಹಾಗೆ ಹೇಳಿದ: "ನಿಮ್ಮ ಹತ್ರಾನೇ ಸಾರ್. ಐದನೇ ಕ್ಲಾಸಿಂದ ಏಳರ ತನಕ. ಸಾಹೇಬ್ರು ನಮ್ಮ ಕ್ಲಾಸಲ್ಲಿದ್ದದ್ದು ಮಾತ್ರ ನಂಗೆ ಗೊತ್ತೇ ಇರ್ಲಿಲ್ಲ."

ಮೇಷ್ಟ್ರು ಎರಡೂ ಕೈ ಚಾಚಿ ಹೊಸಿಲು ದಾಟಲು ಹೋದರು. "ಯಾರಪ್ಪ ನೀನು? ಯಾರ ಮಗ? ನಿನ್ನ ಹೆಸರು..."

"ಮಾತಾಡೋ ಹಾಗಿಲ್ಲ ಸಾರ್, ಆರ್ಡರು," ಎಂದ ಅವನು. ಮೇಷ್ಟ್ರ ಬೆರಳು ಸಿಕ್ಕಿಕೊಳ್ಳದಂತೆ ಜೋಪಾನವಾಗಿ ಸರಿಸಿ, ಹೊರಗಿನಿಂದ ಬಾಗಿಲು ಎಳೆದುಕೊಂಡ.