ಎಡೆಯಾಗದೆ ಉಗ್ರಾಣ ಬಿಟ್ಟುಕೊಡುವುದಿಲ್ಲ

ಉಗ್ರಾಣದ ಬೀಗದ ಕೈ ಹಿಡಿದವನಿಗೆ ಜಗಳ ಹುಡುಕಿಕೊಂಡು ಹೋಗುವ ಶ್ರಮವಿಲ್ಲ. ಅದೇ ಮನೆ ಕೇಳಿಕೊಂಡು ಬರುತ್ತದೆ. ನನಗಂತೂ ಅಮೆರಿಕದ ಸೈನ್ಯದೊಂದಿಗೇ ಬಂತು.

ಸೈನ್ಯವೆಂದರೆ ವೇಷದ ಸೈನ್ಯ. ಇಲ್ಲಿಯವರು ಹಿಂದೆ ಬ್ರಿಟಿಷರ ಮೇಲೆ ಮಾಡಿದ ಸ್ವಾತಂತ್ರ್ಯ ಯುದ್ಧವನ್ನು ಮೈದಾನದಲ್ಲಿ ಆಡಿ ತೋರಿಸುವ ಡಾಲಸ್ಸಿನ ಒಂದು ತಂಡ. ಕ್ಯಾಪ್ಟನ್ ಹುಬ್ಬಳ್ಳಿಯವರು, ಪಕ್ಕದೂರು ಪ್ರಾಸ್ಪರ್‌ನಲ್ಲಿ ಟೈಲ್ಸ್ ಅಂಗಡಿ. ಇತಿಹಾಸವೆಂದರೆ ಪ್ರಾಣ. ನಾನು ಅಲ್ಲೇ ಹತ್ತಿರದ ಮರ್ಫಿ ಊರಿನಲ್ಲಿ ದೇವರ ಪೂಜೆ ಮುಗಿಸಿ ಕಿರಾಣಿ ಗೋಡೌನಿಗೆ ಹೋಗುವ ಸಂಸಾರಿ. ದೇವಸ್ಥಾನದ ಅನ್ನದಾನದಲ್ಲಿ ನನ್ನ ಉಸ್ತುವಾರಿ ನೋಡಿ, ಸೈನ್ಯದ ಉಗ್ರಾಣಕ್ಕೂ ನೀವೇ ಬರಬೇಕೆಂದು ಅವರೇ ಕರೆದರು.

ಬಾರದ ಮಾಂಸ

ಮೊದಲ ದಿನವೇ ಕ್ಯಾಪ್ಟನ್ ಆ ಯುದ್ಧದ ಪುಸ್ತಕ ತೆರೆದು ತೋರಿಸಿದರು. ಸಿಪಾಯಿಗೆ ದಿನಕ್ಕೊಂದು ಪೌಂಡ್ ದನದ ಮಾಂಸ ಕೊಡಬೇಕಂತೆ.

ನನ್ನ ಕೈಯಿಂದ ಆಗದು ಎಂದೆ.

"ನಾನೂ ತಿನ್ನಂಗಿಲ್ರಿ ರಾಯರ. ಆದ್ರ ಇತಿಹಾಸ ಐತಲ್ಲ."

ಪುಸ್ತಕ ಈಸಿಕೊಂಡು ನಿಧಾನವಾಗಿ ಹಾಳೆ ತಿರುವಿದೆ. ಗಾಡಿ ಸಿಗದೆ, ದಾರಿ ಕೆಟ್ಟು, ಎಷ್ಟೋ ದಿನ ಮಾಂಸವೇ ಬರಲಿಲ್ಲವೆಂದು ಅಲ್ಲೇ ಬರೆದಿತ್ತು.

"ನಾವು ಆಡುವುದು ಆ ದಿನಗಳನ್ನು" ಎಂದೆ. ಅಂದಿನಿಂದ ನಮ್ಮ ಸೈನ್ಯಕ್ಕೆ ಒಂದು ದಿನವೂ ಮಾಂಸದ ಗಾಡಿ ಬಂದಿಲ್ಲ.

ಆಸ್ಟಿನ್ನಿನ ಚಳಿ

ಉಗ್ರಾಣದ ಡೇರೆಯೊಳಗೆ ಬೂಟು ತರಕೂಡದು ಎಂಬುದು ನನ್ನ ಕಟ್ಟು. ದೇವರ ಎಡೆಗಿಡುವ ಪದಾರ್ಥವೆಲ್ಲ ಅಲ್ಲೇ ಇರುತ್ತದಲ್ಲ. ಆಸ್ಟಿನ್ನಿನ ಆಟದ ದಿನ ಮೈ ಕೊರೆಯುವ ಚಳಿ. ಬೂಟು ಬಿಚ್ಚಿಟ್ಟ ಸಿಪಾಯಿಗಳು ಊಟಕ್ಕೆ ಬರಿಗಾಲಲ್ಲಿ ಸಾಲು ನಿಂತಿದ್ದರು. ಇವರಿಗೆಲ್ಲ ಜ್ವರ ಬಂದರೆ ಯುದ್ಧ ನಿಮ್ಮಪ್ಪ ಮಾಡ್ತಾನೇನು ಎಂದು ಕ್ಯಾಪ್ಟನ್ ನನ್ನನ್ನು ಬೈಯುತ್ತಿರುವಾಗಲೇ ಆಟ ಇತಿಹಾಸದಂತೆಯೇ ಇದೆಯೇ ಎಂದು ತಪಾಸಣೆ ಮಾಡಲು ಒಬ್ಬ ಪ್ರೊಫೆಸರಮ್ಮ ಬಂದರು. ಸಾಲು ನೋಡಿದ್ದೇ ಅವರ ಕಣ್ಣು ತುಂಬಿತು. ಎಲ್ಲರೂ ಪಾಲಿಶ್ ಮಾಡಿದ ಬೂಟಿನಲ್ಲಿ ಬರುತ್ತಾರೆ, ಆ ಸೈನ್ಯಕ್ಕೆ ಬೂಟೇ ಸರಬರಾಜಾಗಿರಲಿಲ್ಲ ಎಂಬುದು ನಿಮ್ಮೊಬ್ಬರಿಗೇ ಗೊತ್ತು ಎಂದರು.

ಕ್ಯಾಪ್ಟನ್ ಎದೆಯುಬ್ಬಿಸಿ ಇಂಗ್ಲಿಷಿನಲ್ಲಿ, "ಅದು ನನ್ನದೇ ಆರ್ಡರ್, ಮೇಡಂ" ಎಂದರು.

ಹ್ಯೂಸ್ಟನ್ನಿನ ಲೂಟಿ

ಆದರೂ ಕ್ಯಾಪ್ಟನ್ನರಿಗೆ ನನ್ನ ಮೇಲೆ ಕೋಪ ಆರಿರಲಿಲ್ಲ. ಇನ್ನು ನನ್ನ ಕಟ್ಟಿನಿಂದ ಆಟ ಕೆಟ್ಟರೆ ಬೀಗದ ಕೈ ಬೇರೆಯವರಿಗೆ ಎಂದು ವಾಟ್ಸಾಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರು. "ಮನೇಲಿ ಹಠ ಮಾಡಿದ್ದು ಸಾಲದೂಂತ ಅಲ್ಲೂ ಮಾಡ್ತೀರಲ್ಲ" ಎಂದಳು ನನ್ನವಳು.

ಹ್ಯೂಸ್ಟನ್ನಿನ ಆಟದಲ್ಲಿ ನಾವು ಸೋಲಬೇಕು. ಮೂರು ಗಂಟೆಗೆ ಬ್ರಿಟಿಷರು ನುಗ್ಗಿ ಉಗ್ರಾಣ ಲೂಟಿ ಮಾಡಬೇಕು. ಬ್ರಿಟಿಷರೆಂದರೆ ಅಲ್ಲಿಯದೇ ಇನ್ನೊಂದು ತಂಡ, ಎಲ್ಲರೂ ಬಾಗಿಲಗಲದ ಆಳುಗಳು. ಹೈವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಮ್ಮ ಅಡುಗೆಯೇ ತಡವಾಗಿತ್ತು. ಮೂರು ಹೊಡೆದಾಗ ಪುಳಿಯೋಗರೆ ಇನ್ನೂ ಕಲಸುತ್ತಿದ್ದೆ. ಕೆಂಪು ಕೋಟಿನ ದಂಡನಾಯಕ ಕತ್ತಿ ಹಿರಿದು ಬಾಗಿಲಿಗೆ ಬಂದ.

ಅಂಗೈ ಅಡ್ಡ ಹಿಡಿದೆ. "ದೇವರಿಗೆ ಎಡೆಯಾಗಿಲ್ಲ. ಆದ ಮೇಲೆ ಲೂಟಿ ಮಾಡಿ."

ಎಷ್ಟು ಹೊತ್ತು ಎಂದು ಕೇಳಿದ. ಅರ್ಧ ಗಂಟೆ ಎಂದೆ. ಪಾಪ, ಕತ್ತಿ ಒರೆಗೆ ಸೇರಿಸಿ ದಂಡಿನ ಸಮೇತ ಮರದಡಿ ಕೂತ.

ಕ್ಯಾಪ್ಟನ್ ಓಡಿ ಬಂದರು. "ಜನ ಕಾಯಾಕತ್ಯಾರ. ಬೀಗದ ಕೈ ಕೊಡ್ರಿ ಇಲ್ಲೆ."

"ಯುದ್ಧ ಹೇಗೂ ಸೋಲುವುದೇ. ದೇವರಿಗೆ ಮಾತ್ರ ಎಂಜಲು ಇಡಲಾರೆ. ಆಟ ಮುಗಿಯಲಿ, ಬೀಗದ ಕೈ ಕೊಡುತ್ತೇನೆ."

ಎಡೆ ಇಟ್ಟು, ಮಂಗಳಾರತಿ ಮಾಡಿ, ಬಾಗಿಲು ತೆರೆದೆ. ಬ್ರಿಟಿಷರು ತಟ್ಟೆ ಹಿಡಿದು ಸಾಲಾಗಿ ಬಂದು ಪುಳಿಯೋಗರೆ ಲೂಟಿ ಮಾಡಿದರು. ಮೊಸರನ್ನವನ್ನು ಎರಡೆರಡು ಸಲ ಲೂಟಿ ಮಾಡಿದರು. ಆಮೇಲೆ ಕೋವಿಯನ್ನೇ ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟರು. ಯುದ್ಧ ನಡೆಯಲೇ ಇಲ್ಲ.

ಸಂಜೆ ಕ್ಯಾಪ್ಟನ್ ಎದುರು ಬಂದು ನಿಂತರು. ಆಡಿದ ಮಾತಿನಂತೆ ಜನಿವಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚತೊಡಗಿದೆ. ನನ್ನ ಕೈ ಹಿಡಿದು ತಡೆದರು.

"ಇರ್ಲಿ ಬಿಡ್ರಿ ರಾಯರ, ನಿಮ್ಮ ಕಡೇನ ಇರ್ಲಿ. ಬ್ರಿಟಿಷರೆಲ್ಲಾ ನಮ್ಮ ಕಡೆ ಸೇರ್ತೀವಂತ ಹೆಸರು ಬರಸ್ಯಾರ. ಈಗ ಒಂದ ತ್ರಾಸ ಉಳದೈತಿ. ಮುಂದಿನ ಯುದ್ಧ ನಾವು ಗೆಲ್ಲೂದೈತಿ, ಸೋಲಾಕ ಯಾರನ್ನ ತರೂಣು?"