ಅಳತೆ ಟೇಪು ಹುಟ್ಟಿಸಿದ ದೇವರು

ಎಲ್ಲಕ್ಕೂ ಕಾರಣ ಆ ಅಳತೆ ಟೇಪು. ಇತಿಹಾಸದ ಎಂ.ಎ. ಓದುತ್ತಿದ್ದ ಜೀವನ್ ಅದನ್ನು ಬ್ಯಾಗಿನಲ್ಲೇ ಬಿಟ್ಟಿದ್ದರೆ ಬೆಂಗಳೂರಿನ ಉಲ್ಲಾಳದಲ್ಲಿ ಅಂದು ಯಾವ ದೇವರೂ ಹುಟ್ಟುತ್ತಿರಲಿಲ್ಲ.

"ಸಂಜೆಯೊಳಗೆ ಪ್ರಬಂಧಕ್ಕೊಂದು ವಿಷಯ ಹೇಳು. ಇಲ್ದಿದ್ರೆ ಬೆಂಗಳೂರಿನ ಮೋರಿಗಳ ಇತಿಹಾಸ ನಿಂಗೇ," ಎಂದಿದ್ದರು ಮಂಜುನಾಥ್ ಮೇಷ್ಟ್ರು. ಮೋರಿಗೆ ಹೆದರಿದ ಜೀವನ್ ಬೆಳಿಗ್ಗೆಯೇ ಹಳೇ ಊರಿನ ಬೀದಿ ಹಿಡಿದ. ರಸ್ತೆಗೆ ಎರಡಡಿ ಚಾಚಿಕೊಂಡಿದ್ದ ಒಂದು ಕಾಂಪೌಂಡಿನ ಪಕ್ಕ ಕಲ್ಲೊಂದು ಬಿದ್ದಿತ್ತು. ಮೇಲೆ ಸವೆದ ಕೆತ್ತನೆ. ವೀರಗಲ್ಲೇ ಇರಬೇಕು! ಟೇಪು ತೆಗೆದು ಕಲ್ಲನ್ನು ಅಳೆದ. ಕಲ್ಲಿನಿಂದ ಗೋಡೆಗೂ ಅಳೆದ.

ಮನೆಯೊಡತಿ ವಿಮಲಮ್ಮ ಸೌಟು ಹಿಡಿದೇ ಓಡಿ ಬಂದರು. "ಏನಪ್ಪಾ ಅಳೀತಿದೀಯ?"

"ಕಾಲೇಜಿನ ಪ್ರಬಂಧಕ್ಕೆ ಆಂಟಿ."

"ಟೇಪು ಹಿಡ್ಕೊಂಡು ಬರೋರೆಲ್ಲ ಹಿಂಗೇ ಅನ್ನೋದು!" ಎದುರುಮನೆ ನಂಜುಂಡಪ್ಪ ಬನಿಯನ್ನಿನಲ್ಲೇ ಬಂದು ನಿಂತರು. "ರಸ್ತೆ ಅಗಲ ಮಾಡೋರು ಕಣಮ್ಮ. ನಿಮ್ಮ ಕಾಂಪೌಂಡ್ ಹೋಯ್ತು ಅಂತ ತಿಳ್ಕೊಳ್ಳಿ."

"ಅಯ್ಯೋ, ಅಲ್ಲ ಸಾರ್! ಈ ಕಲ್ಲು ಎಷ್ಟು ಹಳೇದು ಅಂತ ಗೊತ್ತಾದ್ರೆ ಸಾಕು."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಸಾವಿರ ವರ್ಷ!" ಎಂದರು ನಂಜುಂಡಪ್ಪ.

"ದೇವರು ಕಣಪ್ಪಾ ಅದು! ಚಪ್ಪಲಿ ಬಿಡು!" ಎಂದರು ವಿಮಲಮ್ಮ. ನಿನ್ನೆಯವರೆಗೂ ಅದರ ಮೇಲೆ ಕಾಲೊರೆಸು ಒಣಹಾಕಿದ್ದವರು.

ಜೀವನ್ ಟೀ ಕುಡಿದು ಬರುವಷ್ಟರಲ್ಲಿ ಕಲ್ಲು ಮದುಮಗನಂತೆ ಮಿಂಚುತ್ತಿತ್ತು. ಮೈತುಂಬ ಅರಿಶಿನ, ಕನಕಾಂಬರದ ಹಾರ, ಮೇಲೊಂದು ಗಂಟೆ. ಯಾರೋ ಮಗಳಿಗೆ ಗಂಡು ಸಿಗಲೆಂದು ಹರಕೆಯನ್ನೂ ಹೊತ್ತುಬಿಟ್ಟಿದ್ದರು. ಕೆತ್ತನೆ ಮಾತ್ರ ಅರಿಶಿನದಡಿ ಮಾಯ. ವಿಮಲಮ್ಮ ಅವನ ಕೈಗೂ ಬಿಸಿ ಪುಳಿಯೋಗರೆ ಇಟ್ಟರು. "ತಿನ್ನಪ್ಪಾ. ಆಫೀಸಲ್ಲಿ ಹೇಳು, ಇಲ್ಲಿ ದೇವರಿದೆ ಅಂತ."

ವಿಷಯ ಕೈತಪ್ಪಿತೆಂದು ಅಳುಮೋರೆಯಲ್ಲಿ ತಿನ್ನುತ್ತಿದ್ದ ಜೀವನ್‌ಗೆ ಅರ್ಧ ತುತ್ತಿನಲ್ಲೇ ತಲೆ ಓಡಿತು. ದೇವರೊಂದು ಹುಟ್ಟುವುದನ್ನು ಕಣ್ಣಾರೆ ಕಂಡ ಭಾಗ್ಯ ಯಾವ ಇತಿಹಾಸಕಾರನಿಗೆ ಸಿಕ್ಕೀತು? ಕೈ ಒರೆಸಿಕೊಂಡು ಮೇಷ್ಟ್ರಿಗೆ ಫೋನ್ ಮಾಡಿದ.

"ಸರ್, ವಿಷಯ ಸಿಕ್ತು! ಬೀದಿ ಕಲ್ಲು ದೇವರಾಗೋದು ಹೇಗೆ ಅಂತ. ಕಾಂಪೌಂಡ್ ಉಳಿಸ್ಕೊಳ್ಳೋಕೆ ಒಬ್ಬಮ್ಮ ಈಗಷ್ಟೇ ಅರಿಶಿನ ಬಳಿದ್ರು!"

"ಭಲೇ! ಸಂಶೋಧನೆ ಅಂದ್ರೆ ಇದಪ್ಪಾ! ಹೆಸರು, ಬೀದಿ ಯಾವುದನ್ನೂ ಮುಚ್ಚಿಡಬಾರ್ದು. ಯಾರಯ್ಯಾ ಆಯಮ್ಮ?"

"ಉಲ್ಲಾಳದ ವಿಮಲಮ್ಮ ಅಂತ. ರಸ್ತೆಗೆ ಚಾಚಿರೋ ಮನೆ ಸರ್."

ಆ ಕಡೆ ಮೇಷ್ಟ್ರು ಕೆಮ್ಮಿದರು.

"ಮೋರಿಗಳ ಇತಿಹಾಸ ಚಿನ್ನದಂಥ ವಿಷಯ ಕಣಯ್ಯಾ."

"ಸರ್?"

"ಅವರು ನಮ್ಮತ್ತೆ. ಈಗಷ್ಟೇ ಫೋನ್ ಮಾಡಿ, ದೇವರು ತಾನಾಗೇ ಉದ್ಭವ ಆಯ್ತು ಅಂದ್ರು. ನಾಳೆ ಮೊದಲ ಪೂಜೆಗೆ ಅಳಿಯಂದಿರೇ ಕೂರ್ಬೇಕಂತೆ." ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ನೀನೂ ಬಾ. ಟೇಪು ಮಾತ್ರ ತರಬೇಡ."