ಹದಿನಾಲ್ಕು ಅಡಿ ಕೋಲು, ಎಂಟು ಅಡಿ ಬೀದಿ

"ನನ್ನ ಅಳತೆ ತಪ್ಪಿದ್ದನ್ನ ಒಂದೇ ಒಂದು ಸಲ ತೋರಿಸು, ಮೀಸೆ ಬೋಳಿಸ್ಕೋತೀನಿ!" ಎಂದು ಶನಿವಾರ ಬೆಳಿಗ್ಗೆ ಟೇಪಣ್ಣ ಎದೆ ತಟ್ಟಿಕೊಂಡ.

"ನಿಮಗೆ ಮೀಸೆ ಎಲ್ಲಿದೆ?" ಎಂದಳು ಹೆಂಡತಿ, ಚಪ್ಪಲಿ ಹುಡುಕುತ್ತ.

ಟೇಪಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನ ಸೊಂಟದಲ್ಲಿ ಸದಾ ನೇತಾಡುವ ಅಳತೆ ಟೇಪು ಇಟ್ಟ ಹೆಸರು. ಮನೆಮನೆಗೆ ಹೋಗಿ ಕಿಟಕಿ ಅಳೆದು, ಪರದೆ ಹೊಲಿಸಿ, ಕೋಲು ಬಿಗಿದು ನೇತುಹಾಕಿ ಬರುವುದು ಅವನ ಕಸುಬು. ಕಸುಬು ಅಂದರೆ ಬರೀ ಕಸುಬಲ್ಲ, ತಪಸ್ಸು! ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಪರದೆಯನ್ನು ಮಾತಾಡಿಸಿ ಆಮೇಲೆ ಮನೆಯವರನ್ನು ಮಾತಾಡಿಸುವ ಆಸಾಮಿ. ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಜನರ ಒಳಗೇನಿದೆ ಎಂದು ದಿನವಿಡೀ ನೋಡಿ ನೋಡಿ ಪಳಗಿದ್ದ ಅವಳಿಗೆ, ಗಂಡನ ಒಳಗೇನಿದೆ ಎಂದು ತಿಳಿಯಲು ಯಂತ್ರ ಬೇಕಾಗುತ್ತಿರಲಿಲ್ಲ.

ಆ ದಿನದ ಎದೆಗಾರಿಕೆಗೆ ಕಾರಣ ಮೇಜಿನ ಮೇಲೆ ವಿರಾಜಮಾನವಾಗಿದ್ದ ಒಂದು ರೀಲು. ಗಾಳದ ದಾರ ಸುತ್ತುವ, ಹಿಡಿ ತಿರುಗಿಸಿದರೆ ಕಿರ್ರೆನ್ನುವ, ಬೆಳ್ಳಿ ಬಣ್ಣದ ರೀಲು. ಹಿಂದಿನ ದಿನ ಮಾವ ಬಂದು ಹಳೆಯ ಡಬ್ಬಿಯ ಸಮೇತ ಕೊಟ್ಟು ಹೋಗಿದ್ದರು.

ಮಾವನವರು ಬಂದರಿನಲ್ಲಿ ಮೂವತ್ತೈದು ವರ್ಷ ಕ್ರೇನ್ ಓಡಿಸಿ ನಿವೃತ್ತರಾದವರು. ಟನ್ನುಗಟ್ಟಲೆ ಸಾಮಾನು ಎತ್ತಿದವರಿಗೆ ಎರಡು ಮಾತು ಎತ್ತುವುದು ಮಾತ್ರ ಮಹಾ ಭಾರ. ಪ್ರತಿ ಭಾನುವಾರ ಕಡಲತೀರದ ಚಪ್ಪಟೆ ಬಂಡೆಯ ಮೇಲೆ ನಿಂತು, ಅಲೆಗಳಾಚೆಗೆ ಗಾಳ ಎಸೆದು ಮೀನು ಹಿಡಿಯುತ್ತಾರೆ. ಆ ಬಂಡೆಗೆ ಅವರು ಇದುವರೆಗೆ ಯಾರನ್ನೂ ಕರೆದೊಯ್ದವರಲ್ಲ. ಹನ್ನೊಂದು ವರ್ಷದಿಂದ ಟೇಪಣ್ಣನ ಮನಸ್ಸಿನಲ್ಲಿದ್ದ ಆಸೆ ಒಂದೇ: ಒಂದು ಸಲ, ಒಂದೇ ಒಂದು ಸಲ, ಮಾವನ ಪಕ್ಕದಲ್ಲಿ ಆ ಬಂಡೆಯ ಮೇಲೆ ನಿಲ್ಲಬೇಕು.

ಮಾವ ಕರೆಯದೆ ಇದ್ದುದಕ್ಕೆ ಕಾರಣವೂ ಇತ್ತು. ಅವರ ಮನೆಯ ಹಾಲಿನ ದೊಡ್ಡ ಕಿಟಕಿಗೆ ಒಂದು ವಿಚಿತ್ರವಾದ ಪರದೆ ಕೋಲಿತ್ತು. ಕಪ್ಪಗೆ, ನುಣ್ಣಗೆ, ಮೈಮೇಲೆ ಅಲ್ಲಲ್ಲಿ ದಾರ ಸುತ್ತಿದ ಗುರುತು. ಹೋದಾಗಲೆಲ್ಲ ಟೇಪಣ್ಣ ತಲೆಯೆತ್ತಿ ಅದನ್ನು ನೋಡಿ, "ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬಳೆಗಳೆಲ್ಲ ಒಂದೇ ಕಡೆ ಜಾರ್ತಾವೆ. ಯಾವ ಪುಣ್ಯಾತ್ಮ ಹಾಕಿದ್ದು ಮಾವ ಇದನ್ನ?" ಎನ್ನುತ್ತಿದ್ದ. ಮಾವ ಲೋಟ ಕೆಳಗಿಟ್ಟು, ಮಾತಾಡದೆ ಎದ್ದು ಒಳಗೆ ಹೋಗುತ್ತಿದ್ದರು. ಹನ್ನೊಂದು ವರ್ಷವೂ ಇದೇ ಸಂಭಾಷಣೆ.

ಅಂಥ ಮಾವ ತಾವಾಗಿಯೇ ಮನೆಗೆ ಬಂದು, "ರೀಲು ಇದೆ. ಇದಕ್ಕೆ ತಕ್ಕ ಕೋಲು ನೀವೇ ಆರಿಸಿ. ಜೋಡಣೆ ಗಟ್ಟಿ ಇರ್ಲಿ. ಭಾನುವಾರ ಏಳಕ್ಕೆ ಬಂದು ನೋಡ್ತೀನಿ. ಸರಿಯಾಗಿದ್ರೆ ಬಂಡೆಗೆ ಕರ್ಕೊಂಡು ಹೋಗ್ತೀನಿ," ಎಂದಿದ್ದರು. ಒಂದೇ ಉಸಿರಿಗೆ ಇಷ್ಟು ಮಾತು! ಹೆಂಡತಿ ಗಾಬರಿಯಾಗಿ ಅಪ್ಪನ ಹಣೆ ಮುಟ್ಟಿ ನೋಡಿದ್ದಳು.

ಟೇಪಣ್ಣ ರೀಲನ್ನು ಎದೆಗವಚಿಕೊಂಡು ಗಾಳದ ಸಾಮಾನಿನ ಅಂಗಡಿಗೆ ನಡೆದ.

"ಒಂದೇ ಕೋಲು, ಸಕಲಕ್ಕೂ ಆಗಬೇಕು," ಎಂದ. "ದೂರಕ್ಕೂ, ಹತ್ತಿರಕ್ಕೂ, ಸಣ್ಣ ಮೀನಿಗೂ, ತಿಮಿಂಗಿಲಕ್ಕೂ!"

ಅಂಗಡಿಯವನು ರೀಲನ್ನು ತಿರುಗಿಸಿ ನೋಡಿದ. "ಒಳ್ಳೇ ಮಾಲು. ಇದಕ್ಕೆ ಹನ್ನೆರಡು ಅಡಿ ಕೋಲು ಈಡುಜೋಡು, ಸಾರ್. ತುದಿ ಮೆತ್ತಗಿದೆ, ಚಿಕ್ಕ ಮೀನು ಮುಟ್ಟಿದ್ರೂ ಗೊತ್ತಾಗತ್ತೆ. ಬುಡ ಗಟ್ಟಿ, ದೊಡ್ಡದು ಸಿಕ್ಕಿದ್ರೂ ತಡಿಯತ್ತೆ. ನೂರು ಗ್ರಾಂ ಸೀಸದ ಗುಂಡು ಕಟ್ಟಿ ಎಸೀಬಹುದು. ಈ ರೀಲಿಂದ ದಾರ ಸುರುಳಿ ಸುರುಳಿಯಾಗಿ ಹೊರಗೆ ಬರೋದ್ರಿಂದ ಅದು ತೂರೋ ಮೊದಲನೇ ಬಳೆ ದೊಡ್ಡದಿರಬೇಕು, ಇಲ್ಲಿ ನೋಡಿ."

ಬಳೆ ಎಂಬ ಮಾತು ಕೇಳಿ ಟೇಪಣ್ಣನಿಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಕೋಲಿನ ಉದ್ದಕ್ಕೂ ಬಳೆಗಳನ್ನು ದಾರ ಸುತ್ತಿ ಕಟ್ಟಿದ್ದರು. ಇಂಥ ದಾರದ ಸುತ್ತನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಒಂದು ಕ್ಷಣ ಅನಿಸಿತು. ಆದರೆ ಅವನ ಕಣ್ಣು ಆಗಲೇ ಪಕ್ಕದ ಕೋಲಿನ ಮೇಲೆ ಬಿದ್ದಿತ್ತು.

"ಅದು ಎಷ್ಟುದ್ದ?"

"ಹದಿನಾಲ್ಕು ಅಡಿ. ಅದು ಬೇಡ ಸಾರ್, ಹೊಸಬರಿಗೆ ಕಷ್ಟ."

"ಹೊಸಬನಾ? ಕೋಲಿನ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ! ನಮ್ಮಲ್ಲಿ ಒಂದು ನಿಯಮ ಇದೆ: ಯಾವಾಗಲೂ ಒಂದು ಮೊಳ ಹೆಚ್ಚಿಗೆ ಇಟ್ಟೇ ಕತ್ತರಿಸಬೇಕು."

"ಕೋಲು ಪರದೆ ಅಲ್ಲ ಸಾರ್. ಹೆಚ್ಚಾಯ್ತು ಅಂತ ಆಮೇಲೆ ಮಡಿಚಿ ಹೊಲಿಯೋಕಾಗಲ್ಲ."

ಟೇಪಣ್ಣ ನಕ್ಕ. ಅಜ್ಞಾನಿಗಳ ಮೇಲೆ ಅವನಿಗೆ ಯಾವತ್ತೂ ಕನಿಕರ. ಮೂರು ತುಂಡಾಗಿದ್ದ ಹದಿನಾಲ್ಕು ಅಡಿ ಕೋಲನ್ನು ಚೀಲದಲ್ಲಿ ಹಾಕಿಸಿಕೊಂಡು, ಲಿಫ್ಟಿನಲ್ಲಿ ಆರಾಮವಾಗಿ ನಾಲ್ಕನೇ ಮಹಡಿಯ ತನ್ನ ಮನೆ ಸೇರಿದ.

ಹಾಲಿನಲ್ಲಿ ಕುಳಿತು ಒಂದರೊಳಗೊಂದು ತುಂಡು ತೂರಿಸಿದ. ಆಹಾ, ಏನು ಗಾಂಭೀರ್ಯ! ಬುಡ ಅಡುಗೆಮನೆಯ ಬಾಗಿಲಿನಲ್ಲಿ, ತುದಿ ಬಾಲ್ಕನಿಯ ಬಾಗಿಲಿನಲ್ಲಿ. ಆದರೆ ಎರಡು ತುಂಡು ಕೂಡುವಲ್ಲಿ ಬೆರಳಿನಷ್ಟು ಸಂದು ಉಳಿದಿತ್ತು. ಕೈಯಲ್ಲಿ ಹಿಡಿದು ಅಲುಗಿಸಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಟೇಪಣ್ಣನ ಮೈ ಉರಿಯಿತು. ಇಪ್ಪತ್ತು ವರ್ಷದಲ್ಲಿ ಅವನು ಸಂದು ಬಿಟ್ಟ ಕೋಲನ್ನು ಯಾರ ಮನೆಯಲ್ಲೂ ಬಿಗಿದವನಲ್ಲ! ಸಂದಿದ್ದರೆ ಪರದೆ ಸಿಕ್ಕಿಕೊಳ್ಳುತ್ತದೆ. ಮೇಲಾಗಿ ಮಾವ ಏನು ಹೇಳಿದ್ದರು? ಜೋಡಣೆ ಗಟ್ಟಿ ಇರಲಿ!

ಕಸುಬಿನ ಪೆಟ್ಟಿಗೆ ತೆಗೆದ. ಎರಡು ಟ್ಯೂಬುಗಳನ್ನು ಹಿಂಡಿ ಕಲಸುವ ಅಂಟಿತ್ತು. ಅದು ಒಣಗಿದರೆ ಗೋಡೆ ಬೀಳಬೇಕೇ ಹೊರತು ಕೋಲು ಬೀಳುವಂತಿಲ್ಲ. ಎರಡೂ ಜೋಡಣೆಗೆ ಕೈ ತುಂಬ ಮೆತ್ತಿ, ಸಂದು ಮುಚ್ಚಿ, ಬಟ್ಟೆಯಿಂದ ಒರೆಸಿ, ಪಾಲಿಶ್ ಹೊಡೆದ. ಸಂಜೆ ಡ್ಯೂಟಿ ಮುಗಿಸಿ ಬಂದ ಹೆಂಡತಿ ಕೋಲನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು, ದಾಟಿಕೊಂಡು ಬಂದಳು.

"ರೀ, ಇದನ್ನ ಬಿಚ್ಚಿ ಮೂಲೆಗಿಡಬಾರದಾ?"

"ಬಿಚ್ಚೋದಾ? ಇನ್ನು ಪ್ರಳಯ ಆದ್ರೂ ಬಿಚ್ಚಲ್ಲ ಕಣೇ ಅದು!"

ಅವಳು ಜೋಡಣೆಯನ್ನು ನೋಡಿದಳು. ಗಂಡನನ್ನು ನೋಡಿದಳು. ಬಾಗಿಲನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ನಾಳೆ ತಾನಾಗೇ ಗೊತ್ತಾಗಲಿ ಎಂದು ಸುಮ್ಮನಾದಳು.

ಗೊತ್ತಾಯಿತು. ಭಾನುವಾರ ಆರೂವರೆಗೆ ಟೇಪಣ್ಣ ಟೋಪಿ ಧರಿಸಿ, ಕೋಲು ಹೆಗಲಿಗೇರಿಸಿ, ದಂಡಯಾತ್ರೆಗೆ ಹೊರಟ ರಾಜನಂತೆ ಬಾಗಿಲು ತೆರೆದ. ಬಾಗಿಲಾಚೆ ನಾಲ್ಕು ಅಡಿ ಅಗಲದ ಓಣಿ, ಓಣಿಯಾಚೆ ಗೋಡೆ. ಕೋಲು ನಾಲ್ಕು ಅಡಿ ಹೊರಗೆ ಹೋಗಿ ಗೋಡೆಗೆ ಮುತ್ತಿಟ್ಟು ನಿಂತಿತು. ಹತ್ತು ಅಡಿ ಕೋಲು ಮತ್ತು ಒಬ್ಬ ಗಂಡ ಒಳಗೇ ಉಳಿದರು.

ಓರೆ ಮಾಡಿದ. ದೀಪ ಒಡೆಯಿತು. ಮೇಲೆತ್ತಿದ. ಫ್ಯಾನಿಗೆ ಸಿಕ್ಕಿತು. ಬುಡ ಮುಂದೆ ಮಾಡಿ ತಿರುಗಿಸಿದ. ಅಡುಗೆಮನೆಯಲ್ಲಿ ಡಬ್ಬಿಗಳು ಸಾಲಾಗಿ ಉರುಳಿದವು.

"ಉಸಿರು ಬಿಗಿ ಹಿಡೀರಿ," ಎಂದಳು ಹೆಂಡತಿ, ಆಸ್ಪತ್ರೆಯ ದನಿಯಲ್ಲಿ. "ಅಲುಗಾಡಬೇಡಿ. ಹಾಂ, ಈಗ ಎಲ್ಲಾ ಚೆನ್ನಾಗಿ ಕಾಣ್ತಿದೆ. ಬಿಡಿ."

"ತಮಾಷೆ ಮಾಡೋ ಹೊತ್ತಾ ಇದು? ಇನ್ನು ಅರ್ಧ ಗಂಟೆಗೆ ನಿಮ್ಮಪ್ಪ ಬರ್ತಾರೆ!"

"ಜೋಡಣೆ ಎಳೆದು ನೋಡಿ."

ಗಂಡ ಬುಡ ಹಿಡಿದ, ಹೆಂಡತಿ ತುದಿ ಹಿಡಿದಳು. ಇಬ್ಬರೂ ಎಳೆದರು. ಸಂಸಾರ ಅಲುಗಾಡಿತೇ ಹೊರತು ಜೋಡಣೆ ಅಲುಗಾಡಲಿಲ್ಲ. ತನ್ನ ಅಂಟಿನ ಮೇಲೆ ಟೇಪಣ್ಣನಿಗೆ ಹೆಮ್ಮೆಯೂ ಅಳುವೂ ಒಟ್ಟಿಗೆ ಬಂದವು.

ಉಳಿದ ದಾರಿ ಬಾಲ್ಕನಿ. ಅಲ್ಲಿ ಕಬ್ಬಿಣದ ಗ್ರಿಲ್ ಇತ್ತು. ತುದಿಯನ್ನು ಗ್ರಿಲ್ಲಿನ ಕಂಡಿಯಲ್ಲಿ ತೂರಿಸಿ, ಪೂರ್ತಿ ಹೊರಗೆ ತಳ್ಳಿ, ಹಗ್ಗ ಕಟ್ಟಿ ಬೀದಿಗಿಳಿಸುವುದು ಎಂದು ತೀರ್ಮಾನವಾಯಿತು. ಕೋಲು ಸರಾಗವಾಗಿ ಹೊರಟಿತು. ಐದು ಅಡಿ, ಏಳು ಅಡಿ, ಒಂಬತ್ತು ಅಡಿ... ಆಮೇಲೆ ಟಕ್ಕೆಂದು ನಿಂತಿತು. ಅಂಗಡಿಯವನು ಹೊಗಳಿದ್ದ ಆ ದೊಡ್ಡ ಬಳೆ ಕಂಡಿಯಲ್ಲಿ ಕಚ್ಚಿಕೊಂಡಿತ್ತು. ಮುಂದೆ ಹೋಗದು, ಹಿಂದೆ ಬಾರದು! ಅತ್ತ ದರಿ, ಇತ್ತ ಪುಲಿ, ನಡುವೆ ಹದಿನಾಲ್ಕು ಅಡಿ ಕೋಲು!

"ಯಾರ್ರೀ ಅದು?" ಎಂದು ಎದುರಿನಿಂದ ದನಿ ಬಂತು.

ಕಿರಿದಾದ ಬೀದಿ, ಎದುರು ಮನೆಯ ಬಾಲ್ಕನಿ ಎಂಟೇ ಅಡಿ ದೂರ. ಅಲ್ಲಿ ನಿವೃತ್ತ ಗಣಿತದ ಟೀಚರ್ ಹಲ್ಲುಜ್ಜುವ ಬ್ರಷ್ ಹಿಡಿದು ನಿಂತಿದ್ದರು. ಕೋಲಿನ ತುದಿ ಒಂದು ಅಡಿ ಅವರ ಬಾಲ್ಕನಿಯೊಳಗೆ ನುಗ್ಗಿ, ತಂತಿಯ ಮೇಲಿದ್ದ ದಿಂಬಿನ ಕವರನ್ನು ಸಿಕ್ಕಿಸಿಕೊಂಡು ಗತ್ತಿನಿಂದ ತೂಗುತ್ತಿತ್ತು.

"ನಾನು ಟೀಚರ್, ಪರದೆಯವನು."

"ಕೋಲು ಎಷ್ಟುದ್ದ?"

"ಹದಿನಾಲ್ಕು ಅಡಿ, ಟೀಚರ್."

"ಬೀದಿ ಎಷ್ಟಗಲ?"

"ಎಂಟು ಅಡಿ, ಟೀಚರ್."

"ಹದಿನಾಲ್ಕರಲ್ಲಿ ಎಂಟು ಕಳೆದ್ರೆ ಉಳಿಯೋದು ಎಲ್ಲಿಗೆ ಹೋಗತ್ತೆ?"

"ನಿಮ್ಮನೆಗೆ, ಟೀಚರ್."

"ಕೂತ್ಕೊ," ಎಂದರು ಟೀಚರ್ ಹಳೆಯ ಅಭ್ಯಾಸದಿಂದ. ಟೇಪಣ್ಣ ನಿಜವಾಗಿಯೂ ಕುಳಿತ!

ಕುಳಿತಲ್ಲಿಂದ ಕೆಳಗೆ ನೋಡಿದ. ಬೀದಿಯ ನಡುವೆ, ಭುಜಕ್ಕೆ ಚೀಲ ಹಾಕಿಕೊಂಡು, ತಲೆ ಹಿಂದಕ್ಕೆ ವಾಲಿಸಿ ಮಾವ ನಿಂತಿದ್ದರು. ಕ್ರೇನಿನ ತೋಳು ನೋಡುವಂತೆ ಅವರು ಕೋಲನ್ನು ಗ್ರಿಲ್ಲಿನಿಂದ ತುದಿಯವರೆಗೆ ನೋಡಿದರು. ದಿಂಬಿನ ಕವರ್ ಗಾಳಿಗೆ ಒಮ್ಮೆ ಕೈ ಬೀಸಿತು. ಟೇಪಣ್ಣನ ಕಣ್ಣೆದುರು ಚಪ್ಪಟೆ ಬಂಡೆ ಮೆಲ್ಲಗೆ ಸಮುದ್ರದೊಳಗೆ ಮುಳುಗಿ ಹೋಯಿತು. ಹನ್ನೊಂದು ವರ್ಷದ ಆಸೆ.

ಮಾವ ಮೇಲೆ ಬಂದರು. ಸೋಪಿನ ನೀರು ತರಿಸಿ ಗ್ರಿಲ್ಲಿಗೆ ಸವರಿ, ಬಳೆಯನ್ನು ಒಂದು ಸುತ್ತು ತಿರುಗಿಸಿ ಕೋಲನ್ನು ಒಳಕ್ಕೆಳೆದರು. ಕವರನ್ನು ಮಗಳ ಕೈಗೆ ಕೊಟ್ಟರು. ಜೋಡಣೆಯನ್ನು ಹೆಬ್ಬೆರಳಿನಿಂದ ಉಜ್ಜಿದರು, ಮೂಸಿದರು.

"ಎರಡು ಟ್ಯೂಬಿಂದಾ?"

"ಹೌದು ಮಾವ."

"ಸಂದು ಕಾಣಿಸ್ತು ಅಂತ?"

"ಹೌದು ಮಾವ. ನಿಮಗೆ ಹೇಗೆ ಗೊತ್ತಾಯ್ತು?"

ಮಾವ ಕುರ್ಚಿಯಲ್ಲಿ ಕುಳಿತರು. "ಸಂದು ಇರಲೇಬೇಕು ಅಳಿಯಂದ್ರೇ. ಸವೆದಷ್ಟೂ ಒಳಗೆ ಕೂರಲಿ ಅಂತ ಬಿಟ್ಟಿರ್ತಾರೆ. ನನಗೂ ಆಗ ಗೊತ್ತಿರಲಿಲ್ಲ."

"ನಿಮಗೂ ಅಂದ್ರೆ?"

ಮಾವ ಗೋಡೆಯ ಕಡೆ ನೋಡುತ್ತ ಹೇಳಿದರು: "ನಿಮಗೆ ಕೊಟ್ಟೆನಲ್ಲ ರೀಲು, ಅದರ ಮೊದಲನೇ ಜೋಡಿ ಕೋಲು ನಮ್ಮನೆ ಹಾಲಲ್ಲಿದೆ. ಅಂಟು ಹಾಕಿದ್ದೆ. ಬಾಗಿಲಿಂದ ಹೊರಗೆ ಬರಲಿಲ್ಲ. ಬಳೆ ಕಿತ್ತು ಪರದೆ ಹಾಕಿಸಿದೆ."

ಆ ಕಪ್ಪು ಕೋಲು, ಆ ದಾರದ ಗುರುತು, ಹೋದಾಗಲೆಲ್ಲ ತಾನು ಕೇಳುತ್ತಿದ್ದ ಆ ಪ್ರಶ್ನೆ, ಪ್ರತಿ ಸಲವೂ ಎದ್ದು ಹೋಗುತ್ತಿದ್ದ ಮಾವ! ಟೇಪಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾಲ್ಕನೇ ಮಹಡಿಯಲ್ಲಿ ಭೂಮಿಯೂ ಕೈಗೆ ಸಿಗಲಿಲ್ಲ. ಹೆಂಡತಿ ದಿಂಬಿನ ಕವರನ್ನು ಬಾಯಿಗೊತ್ತಿಕೊಂಡು ನಗು ತಡೆಯುತ್ತಿದ್ದಳು.

"ಏಳಿ, ಬಿಸಿಲೇರತ್ತೆ," ಎಂದರು ಮಾವ. "ಬಂಡೆಗೆ ಹೋಗೋಣ. ನನ್ನ ಕೋಲು ಚೀಲದಲ್ಲಿದೆ. ಜೋಡಿಸೋನು ನಾನು. ನೀವು ಮುಟ್ಟಬೇಡಿ. ಬಕೆಟ್ ಹಿಡ್ಕೊಳ್ಳಿ."

ಆ ಬೆಳಿಗ್ಗೆ ಟೇಪಣ್ಣ ಚಪ್ಪಟೆ ಬಂಡೆಯ ಮೇಲೆ ಮೂರು ಗಂಟೆ ಬಕೆಟ್ ಹಿಡಿದು ನಿಂತ. ಅಷ್ಟು ಗೌರವದಿಂದ ಅವನು ಜನ್ಮದಲ್ಲಿ ಏನನ್ನೂ ಹಿಡಿದಿರಲಿಲ್ಲ.

ತಿಂಗಳ ನಂತರ ಮಾವ ಮಗಳ ಮನೆಗೆ ಚಹಾಕ್ಕೆ ಬಂದರು. ಹಾಲಿನ ಗೋಡೆಯ ಉದ್ದಕ್ಕೂ ಹೊಸ ಪರದೆ ಇಳಿಬಿದ್ದಿತ್ತು. ಮಾವ ಲೋಟ ಕೈಯಲ್ಲಿ ಹಿಡಿದು, ನಿಧಾನವಾಗಿ ತಲೆಯೆತ್ತಿ, ಹನ್ನೊಂದು ವರ್ಷದ ಬಡ್ಡಿಯನ್ನೆಲ್ಲ ಒಟ್ಟಿಗೆ ವಸೂಲಿ ಮಾಡಿದರು:

"ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬಳೆಗಳೆಲ್ಲ ಒಂದೇ ಕಡೆ ಜಾರ್ತಾವೆ. ಯಾವ ಪುಣ್ಯಾತ್ಮ ಹಾಕಿದ್ದು ಅಳಿಯಂದ್ರೇ ಇದನ್ನ?"

ಟೇಪಣ್ಣ ಲೋಟ ಕೆಳಗಿಟ್ಟು, ಮಾತಾಡದೆ ಎದ್ದು ಒಳಗೆ ಹೊರಟ. ಬಾಗಿಲಲ್ಲಿ ಹೆಂಡತಿ ತಡೆದಳು. ಅವನ ಮೂಗಿನ ಕೆಳಗಿನ ಬೋಳು ಜಾಗವನ್ನು ಎಕ್ಸ್‌ರೇ ಕಣ್ಣಿನಿಂದ ನೋಡಿ ಹೇಳಿದಳು:

"ಇವತ್ತಿಂದ ಮೀಸೆ ಬಿಡೋಕೆ ಶುರು ಮಾಡಿ. ಬೋಳಿಸೋದು ಬಾಕಿ ಇದೆ."